ದನಿ ಕೇಳಿಸುವವರು ಇದ್ದೀರಾ

ಟೀಚರು ಬೋರ್ಡಿನ ಕಡೆ ಮುಖ ತಿರುಗಿಸಿದಾಗಲೆಲ್ಲ ಅವನ ಪಾಲಿಗೆ ಅರ್ಧ ಭಾಷೆ ಮಾಯವಾಗುತ್ತಿತ್ತು. ಮುಖ ಈ ಕಡೆ ಇರುವಾಗ ತೊಂದರೆಯಿರಲಿಲ್ಲ; ತುಟಿ ಎಷ್ಟು ದುಂಡಗಾಯಿತು, ನಾಲಗೆ ಹಲ್ಲಿಗೆ ಎಲ್ಲಿ ತಾಗಿತು ಎಂದು ನೋಡಿಯೇ ಅವನು ಪದವನ್ನು ಹಿಡಿದುಬಿಡುತ್ತಿದ್ದ. ಬೆನ್ನು ತಿರುಗಿದ ಕೂಡಲೇ ಪದಗಳ ಅಂಚೆಲ್ಲ ಸವೆದು, ಊ, ಆ, ಓ ಎಂಬ ತಿರುಳು ಮಾತ್ರ ಕೋಣೆಯ ಆ ತುದಿಯಿಂದ ತೇಲಿಬರುತ್ತಿತ್ತು. ಫೈರ್ ಸ್ಟೇಷನ್ನಿನ ಊಟದ ಹಾಲಿನಲ್ಲಿ ಬೆಂಚು ಎಳೆದು ತರಗತಿ ಮಾಡಿದ್ದರು. ಟರ್ಕಿಯಲ್ಲಿ ಮೊನ್ನೆ ಬೆಳಗಿನ ಜಾವ ಭೂಮಿ ನಡುಗಿ ಊರಿಗೆ ಊರೇ ಕುಸಿದಿತ್ತು. ಇವರ ರಕ್ಷಣಾ ತಂಡ ಇವತ್ತು ಸಂಜೆ ಹೊರಡಬೇಕು. ಅಷ್ಟರೊಳಗೆ ನಾಲ್ಕು ಮಾತು ಬಾಯಿಗೆ ಬರಬೇಕು. ಅವನು ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನ ತುದಿಯಲ್ಲಿ, ಎಡಕ್ಕೆ ಗೋಡೆ ಬರುವ ಹಾಗೆ ಕೂತಿದ್ದ. ಈ ಲೆಕ್ಕಾಚಾರ ಈಚೆಗೆ ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಜೀಪಿನಲ್ಲಿ ಯಾವ ಸೀಟು, ಚಹಾ ಕುಡಿಯುವಾಗ ಯಾರ ಯಾವ ಪಕ್ಕ, ಸಾಹೇಬರು ಮಾತಾಡುವಾಗ ಎಲ್ಲಿ ನಿಂತರೆ ಬಲಗಿವಿ ಅವರ ಕಡೆಗಿರುತ್ತದೆ. ಗೋಡೆಯಂತೂ ಒಳ್ಳೆಯದು, ಗೋಡೆ ಏನೂ ಕೇಳುವುದಿಲ್ಲ, ಉತ್ತರ ಕೊಡಬೇಕಾಗಿಯೂ ಇಲ್ಲ.

"ಸೆಸಿಮಿ ದುಯಾನ್ ವಾರ್ ಮ?" ಎಂದಳು ಟೀಚರು. ಅವಳು ನಿಜವಾಗಿ ಟೀಚರಲ್ಲ. ಆ ದೇಶದಲ್ಲಿ ಸೊಸೆಯಾಗಿ ಬಹಳ ಕಾಲ ಇದ್ದು ವಾಪಸು ಬಂದು, ಒಂದು ಟೈಲ್ಸ್ ಕಂಪನಿಯಲ್ಲಿ ಭಾಷಾಂತರದ ಕೆಲಸ ಮಾಡುವವಳು. ಬೆಳಿಗ್ಗೆಯಷ್ಟೇ ಸಾಹೇಬರು ಜೀಪು ಕಳಿಸಿ ಕರೆಸಿದ್ದರು. "ನನ್ನ ದನಿ ಕೇಳಿಸುವವರು ಇದ್ದೀರಾ ಅಂತ ಅರ್ಥ. ಇದನ್ನೇ ಅಲ್ಲಿ ಎಲ್ಲರೂ ಕೂಗೋದು. ವಾರ್ ಅಂದ್ರೆ ಇದೆ. ಕೊನೇಗೆ ಮ ಅಂತ ಬಾಲ ಅಂಟಿಸಿದ್ರೆ ಪ್ರಶ್ನೆ. ನಾವು ಇದೆ ಅನ್ನೋದನ್ನ ಇದೆಯಾ ಮಾಡ್ತೀವಲ್ಲ, ಹಾಗೇ. ಕಷ್ಟ ಏನಿಲ್ಲ." ಎಲ್ಲರೂ ಕೂಗಿದರು. ಗಾಜಿನ ಲೋಟಗಳು ಅದುರುವಷ್ಟು ಜೋರಾಗಿ ಕೂಗಿದವನು ಅವನೇ. ಟೀಚರು ಮೆಚ್ಚಿ ತಲೆದೂಗಿ, "ಇದೆ ಅನ್ನೋದಕ್ಕೆ ವಾರ್, ಇಲ್ಲ ಅನ್ನೋದಕ್ಕೆ ಯೋಕ್" ಎಂದಳು. ಯೋಕ್, ಎಂದರು ಎಲ್ಲರೂ. ಅವನ ಬಾಯಿಂದ ಅದು ಹೊರಡಲಿಲ್ಲ.

ಅವನನ್ನು ಸ್ಟೇಷನ್ನಿನಲ್ಲಿ ಕಿವಿರಾಯ ಎಂದು ಕರೆಯುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಒಂದು ಮಹಡಿ ಮನೆ ಕುಸಿದಾಗ ಶಬ್ದ ಹಿಡಿಯುವ ಯಂತ್ರ ಸುಮ್ಮನಿತ್ತು. ಸಾಹೇಬರು ಬುಲ್ಡೋಜರಿಗೆ ಕೈಸನ್ನೆ ಮಾಡುವುದರಲ್ಲಿದ್ದರು. ಅವನು ಕಾಂಕ್ರೀಟಿಗೆ ಕೆನ್ನೆಯಿಟ್ಟು ಮಲಗಿ, ತಡೀರಿ ಸಾರ್, ಯಾರೋ ಕೆರೀತಿದಾರೆ ಎಂದಿದ್ದ. ಬೀಗದ ಕೈಯಿಂದ ಗೋಡೆ ಕೆರೆಯುತ್ತಿದ್ದ ಹೆಂಗಸೊಬ್ಬಳು ಜೀವಂತ ಹೊರಬಂದಳು. ಅವತ್ತಿನಿಂದ ಎಲ್ಲಿ ಏನು ಕುಸಿದರೂ ಸಾಹೇಬರು ಮುಷ್ಟಿ ಎತ್ತುತ್ತಾರೆ, ಯಂತ್ರಗಳೆಲ್ಲ ನಿಲ್ಲುತ್ತವೆ, ಇವನು ಮಲಗುತ್ತಾನೆ, ಎಲ್ಲರೂ ಇವನ ಮುಖ ನೋಡುತ್ತಾರೆ. ಅದೇ ಯಂತ್ರಗಳು, ಕಟರು, ಜನರೇಟರು, ಸೈರನ್ನು, ಮಗ್ಗುಲಲ್ಲೇ ಕೂತು ದಿನಾ ಒಂದಿಷ್ಟು ಒಂದಿಷ್ಟು ಕಿವಿಯನ್ನು ತಿಂದು ಹಾಕುತ್ತಿದ್ದವು ಎಂದು ಅವನಿಗೆ ಗೊತ್ತಾದದ್ದು ತೀರಾ ತಡವಾಗಿ. ಮೊದಲು ಕೈಗಡಿಯಾರದ ಅಲಾರಾಂ ಹೋಯಿತು. ಆಮೇಲೆ ಕಿಟಕಿಯ ಹೊರಗಿನ ಹಕ್ಕಿಗಳು. ಹಕ್ಕಿಗಳು ಈ ಸಲ ಬಂದೇ ಇಲ್ಲವಲ್ಲ ಎಂದು ಹೆಂಡತಿಯ ಹತ್ತಿರ ಅಂದಾಗ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅವನನ್ನೇ ನೋಡಿದ್ದಳು. ಎಡಗಿವಿ ಪೂರ್ತಿ, ಬಲಗಿವಿ ಅಂಚಿನಲ್ಲಿ. ಕಳೆದ ಬೇಸಿಗೆಯಲ್ಲಿ ಗೋದಾಮಿನ ಚಾವಣಿ ಬಿದ್ದ ದಿನ ಅವನು ಎಂದಿನಂತೆ ಮಲಗಿದ. ತನ್ನ ರಕ್ತದ ಗುಂಯ್‌ಗುಡುವಿಕೆ ಬಿಟ್ಟು ಏನೂ ಕೇಳಲಿಲ್ಲ. ಕಳ್ಳನ ಹಾಗೆ ಸುತ್ತ ನಿಂತವರ ಮುಖ ನೋಡಿದ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಇಲ್ಲ ಸಾರ್, ಎಂದ. ಬುಲ್ಡೋಜರು ಒಳಗೆ ನುಗ್ಗಿತು. ಕೊನೆಯ ಹಲಗೆ ಎತ್ತುವವರೆಗೆ ಅವನು ಜೀಪಿನ ಹಿಂದೆ ಅಡಗಿ ನಿಂತಿದ್ದ. ಅಡಿಯಲ್ಲಿ ಯಾರೂ ಇರಲಿಲ್ಲ. ಸಾಹೇಬರು ಬೆನ್ನು ತಟ್ಟಿ, ನಮ್ಮ ಕಿವಿರಾಯ ಇಲ್ಲ ಅಂದ್ರೆ ಇಲ್ಲ ಕಣ್ರಯ್ಯ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗಿರುತ್ತಿತ್ತು.

"ಸುಸ್" ಎನ್ನುತ್ತಿದ್ದರು ಎಲ್ಲರೂ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಕಾಂಕ್ರೀಟು ಕೊಯ್ಯುವವನು, ಅವನಿಗೆ ಕಟರ್ ಎಂದೇ ಹೆಸರು, ಎದ್ದು ನಿಂತು, "ಟೀಚರ್, ನಮ್ಮ ಕಡೆ ಚಿಕ್ಕ ಮಕ್ಕಳು ಅದನ್ನ ಬೇರೆ ಕೆಲಸಕ್ಕೆ ಹೇಳ್ತಾರೆ" ಎಂದ. ಹಾಲೆಲ್ಲ ನಗು. ಟೀಚರೂ ನಕ್ಕಳು. ನಗುತ್ತಲೇ ಬೋರ್ಡಿಗೆ ತಿರುಗಿ ಏನೋ ಬರೆಯುತ್ತ ಏನೋ ಹೇಳಿ, ಒಬ್ಬೊಬ್ಬರೇ ಹೇಳಿ ಎಂದಳು. ಮೊದಲನೆಯವನು ಅವನೇ. "ಸು" ಎಂದ ಧೈರ್ಯವಾಗಿ. ಆಕೆ ತಿರುಗಿದಳು. "ಅದು ನೀರು. ನಾನು ಹೇಳಿದ್ದು ಸುಸ್. ಸುಮ್ನಿರು ಅಂತ." ಮತ್ತೆ ನಗು. "ಕಿವಿರಾಯನಿಗೆ ಬಾಯಾರಿಕೆ" ಎಂದ ಕಟರ್. ಅವನೂ ನಕ್ಕ, ನಗುವವರ ಜೊತೆ ನಗುವುದು ಅವನಿಗೆ ಈ ಒಂದು ವರ್ಷದಲ್ಲಿ ಚೆನ್ನಾಗಿ ಕರಗತವಾಗಿತ್ತು. ಆದರೆ ಟೀಚರು ನಗಲಿಲ್ಲ. ಡಸ್ಟರನ್ನು ಯೋಚಿಸುವವಳ ಹಾಗೆ ಬಾಯಿಯ ಮುಂದೆ ಹಿಡಿದು, ಅವನನ್ನೇ ನೋಡುತ್ತ, ಇನ್ನೊಮ್ಮೆ ಏನೋ ಅಂದಳು. ಬಂದದ್ದು ಊ ಮಾತ್ರ. ಒಂದು ಇಲ್ಲವೇ ಇನ್ನೊಂದು. "ಸುಸ್" ಎಂದ. ಆಕೆ ಡಸ್ಟರು ಕೆಳಗಿಳಿಸಿದಳು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ, ಮುಂದಿನವನನ್ನು ಕೇಳಿದಳು. ಆ ಮುಂದಿನವನು "ಸು" ಎಂದದ್ದನ್ನು ಅವನು ತುಟಿಯಿಂದ ಓದಿದ.

ಬಿಡುವಿನಲ್ಲಿ ಅವನು ಎಂಜಿನ್ನುಗಳು ನಿಲ್ಲುವ ಶೆಡ್ಡಿಗೆ ಹೋಗಿ, ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸುತ್ತ ನಿಂತ. ಆಕೆ ಬಂದದ್ದು ಗಾಜಿನಲ್ಲಿ ಕಂಡಿತು. ನೇರವಾಗಿ ಬಲಗಡೆಗೆ ಬಂದು ನಿಂತಳು. ಅದೇ ಅವನಿಗೆ ಉರಿ ಹತ್ತಿಸಿತು.

"ಯಾವಾಗಿನಿಂದ?" ಎಂದಳು.

"ಏನು ಯಾವಾಗಿನಿಂದ?"

"ನಮ್ಮ ಮಾವ ಹೀಗೇ ತುಟಿ ನೋಡ್ತಿದ್ರು. ನಾನು ಭಾಷೆ ಬರದೆ ತುಟಿ ನೋಡ್ತಿದ್ದೆ, ಅವರು ಕಿವಿ ಕೇಳದೆ ನೋಡ್ತಿದ್ರು. ಹಾಗಾಗಿ ಗೊತ್ತಾಯ್ತು."

"ಶೀತ ಆಗಿದೆ ಮೇಡಂ. ಕಿವಿ ಕಟ್ಟಿದೆ. ನಾಳೆ ಸರಿಹೋಗುತ್ತೆ."

ಆಕೆ ಫೋನು ತೆಗೆದು, ಒಂದು ಹೆಸರನ್ನು ಒತ್ತಿ, ಕಿವಿಗಿಟ್ಟು, ಕೆಳಗಿಳಿಸಿದಳು. "ಮೊನ್ನೆಯಿಂದ ರಿಂಗ್ ಆಗ್ತಿಲ್ಲ. ನಮ್ಮತ್ತೆ. ಗಂಡನ್ನ ಬಿಟ್ಟು ಬಂದವಳಿಗೆ ಅತ್ತೆ ಯಾಕೆ ಅಂತ ನಮ್ಮಮ್ಮ ಕೇಳ್ತಾರೆ. ನಾನು ಬಿಟ್ಟಿದ್ದು ಅವರ ಮಗನ್ನ. ಅವರನ್ನಲ್ಲ. ಈ ಭಾಷೆ ಅವರೇ ಕಲಿಸಿದ್ದು, ಅಡಿಗೆಮನೇಲಿ, ಒಂದೊಂದು ಪಾತ್ರೆ ಎತ್ತಿ ತೋರಿಸಿ." ಅವನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. "ಅವರ ದನಿ ತುಂಬಾ ಸಣ್ಣದು. ಪಕ್ಕದ ಕೋಣೆಗೂ ಕೇಳ್ತಿರಲಿಲ್ಲ. ನಾನು ನಿಮ್ಮ ಸಾಹೇಬರಿಗೆ ಹೇಳಲ್ಲ. ಹೇಳೋಕೆ ನಾನ್ಯಾರು." ಹೊರಟುಹೋದಳು. ಅವಳು ಹೆದರಿಸಿದ್ದರೆ ಜಗಳವಾಡಬಹುದಿತ್ತು. ಅವನು ಗಾಜಿನಲ್ಲಿ ತನ್ನ ಮುಖ ನೋಡಿದ. ದೊಡ್ಡ ದೊಡ್ಡ ಕಿವಿ. ಹುಡುಗನಾಗಿದ್ದಾಗ ಅಪ್ಪ ಅವನ್ನು ಹಿಂಡಿ, ಇಷ್ಟಗಲ ಕೊಟ್ಟಿದಾನೆ ದೇವರು, ಒಂದು ಮಾತು ಒಳಗೆ ಹೋಗಲ್ಲ, ಎನ್ನುತ್ತಿದ್ದದ್ದು ನೆನಪಾಗಿ ನಗು ಬಂತು.

ಬ್ಯಾಗು ತರಲು ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಹೇಳಿದ್ರಾ?"

"ಸಾಹೇಬ್ರು ಗಡಿಬಿಡೀಲಿದ್ರು."

"ವರ್ಷದಿಂದ ಗಡಿಬಿಡೀಲಿದಾರಾ?"

ಅವನು ಶೂ ಬಿಚ್ಚುವುದರಲ್ಲಿ ಮುಳುಗಿದ. ಅವಳು ಬಂದು ಎದುರಿಗೇ ಕುಕ್ಕರಗಾಲಲ್ಲಿ ಕೂತು, ಅವನ ಗಲ್ಲ ಹಿಡಿದು ಎತ್ತಿದಳು, ಮಾತು ತಪ್ಪಿಸಿಕೊಳ್ಳಲು ದಾರಿಯಿಲ್ಲದ ಹಾಗೆ. "ಕಿರುಚಿ ಕಿರುಚಿ ನನ್ನ ಗಂಟಲು ಹರಿದುಹೋಗಿದೆ. ಪಕ್ಕದ ಮನೆಯೋರು ನನ್ನನ್ನ ಗಯ್ಯಾಳಿ ಅಂದ್ಕೊಂಡಿದಾರೆ, ಗಂಡನ್ನ ದಿನಾ ಬೈತಾಳೆ ಅಂತ. ನಾನು ಕೇಳಿರೋದು ತರಕಾರಿ ಏನು ತರ್ತೀರಾ ಅಂತ. ಅದನ್ನೂ ತಡ್ಕೊಂಡೆ. ಇದು ತರಕಾರಿ ಅಲ್ಲಾರೀ."

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಸ್ಟೋರಿಗೆ ಹಾಕ್ತಾರೆ. ಪೈಪ್ ಒಣಗಿಸೋ ಕೆಲಸ."

"ಒಣಗಿಸಿ."

"ನಮ್ಮ ತಂಡದಲ್ಲಿ ನೆಲಕ್ಕೆ ಕಿವಿ ಕೊಟ್ಟು ಕೇಳೋರು ಇನ್ಯಾರೂ ಇಲ್ಲ."

"ನಿಮ್ಮನ್ನೂ ಸೇರಿಸಿ ಇಲ್ಲ" ಎಂದು ಎದ್ದು ಒಳಗೆ ಹೋದಳು.

ಅವನು ಹಾಸಿಗೆಯ ಮೇಲೆ ಬ್ಯಾಗು ಹರಡಿಕೊಂಡು, ಕಾಲುಚೀಲದ ಮೇಲೆ ಕಾಲುಚೀಲ ಇಡುತ್ತ, ಬಾಯಲ್ಲೇ ಹೇಳಿಕೊಂಡ: ಕೊರ್ಕ್ಮಾ, ಹೆದರಬೇಡ. ಗೆಲಿಯೊರುಜ್, ಬರುತ್ತಿದ್ದೇವೆ. ಬುರಾದಾಯಜ್, ನಾವಿಲ್ಲಿದ್ದೇವೆ. ವಿಚಿತ್ರವೆಂದರೆ ಹೇಳುವಾಗ ಒಂದೂ ತಪ್ಪುತ್ತಿರಲಿಲ್ಲ. ತನ್ನ ದನಿ ತಲೆಬುರುಡೆಯ ಒಳಗಿನಿಂದಲೇ ಕೇಳುತ್ತದಲ್ಲ. ಹೇಳುವುದಷ್ಟೇ ಸಾಕಾಗಿದ್ದರೆ ಅವನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಬೆನ್ನ ಹಿಂದೆ ಹೆಂಡತಿ ಬಂದದ್ದು ನೆಲ ಅದುರಿದ್ದರಿಂದ ಗೊತ್ತಾಯಿತು. ಏನೋ ಹೇಳಿದಳು. ತುಸು ದೀರ್ಘವಾಗಿಯೇ, ಮೆತ್ತಗೆ. ಏರಿಳಿತ ಮಾತ್ರ ಬಂತು. ಅವನು ತಿರುಗದೆ, "ಆಯ್ತು" ಎಂದ. ತಿರುಗಿದರೆ ಸ್ವೆಟರು ಹಿಡಿದು ನಿಂತಿದ್ದಾಳೆ, ಮುಖ ಬಾಡಿದೆ. "ಏನು ಆಯ್ತು?" ಎಂದು ಕೇಳಿದಳು. "ಏನಂದೆ?" ಎಂದ ಅವನು. "ಏನಿಲ್ಲ" ಎಂದು ಸ್ವೆಟರನ್ನು ಬ್ಯಾಗಿನೊಳಗೆ ತುರುಕಿ ಜಿಪ್ಪು ಎಳೆದಳು. ಬೀದಿಯುದ್ದಕ್ಕೂ ಅವನು ಆ ಏರಿಳಿತಕ್ಕೆ ಪದಗಳನ್ನು ಕೂರಿಸಿ ನೋಡಿದ. ಬೈಗುಳವೂ ಹೊಂದುತ್ತಿತ್ತು, ಜೋಪಾನವಾಗಿ ಬನ್ನಿ ಎನ್ನುವುದೂ ಹೊಂದುತ್ತಿತ್ತು. ಒಂದು ಸೈಕಲ್ಲು ಎಡದಿಂದ ಬಂದು ತೋಳಿಗೆ ಉಜ್ಜಿಕೊಂಡು ಹೋಯಿತು. ಸವಾರ ತಿರುಗಿ ತಿರುಗಿ ಬೈಯುತ್ತಿದ್ದ. ಬಹಳ ಹೊತ್ತು ಗಂಟೆ ಬಾರಿಸಿದ್ದನೇನೋ.

ಸ್ಟೇಷನ್ನಿನ ಹಿಂದೆ ಅಭ್ಯಾಸಕ್ಕೆಂದು ಒಡೆದ ಚಪ್ಪಡಿ, ಹಳೆಯ ಕಾಂಕ್ರೀಟು ಪೈಪುಗಳನ್ನು ಪೇರಿಸಿದ ಗುಡ್ಡೆಯೊಂದಿತ್ತು. ಸಾಮಾನು ಬಸ್ಸಿಗೆ ಏರಿಸಿಯಾದ ಮೇಲೆ ಸಾಹೇಬರು ಎಲ್ಲರನ್ನೂ ಅಲ್ಲಿಗೆ ಕರೆದರು. "ಒಂದು ಸಲ ಭಾಷೆ ಸಮೇತ ಮಾಡಿಬಿಡೋಣ. ಯಾರಾದ್ರೂ ಒಳಗೆ ಹೋಗಿ ಕೂತ್ಕೊಳ್ಳಿ." ಯಾರು ಎಂದು ನೋಡುವಷ್ಟರಲ್ಲಿ ಟೀಚರು ಚಪ್ಪಲಿ ಸರಿಮಾಡಿಕೊಂಡು ಮುಂದೆ ಬಂದಳು. "ನಾನು ಹೋಗ್ತೀನಿ. ನಾನಾದ್ರೆ ಅಲ್ಲಿಯೋರು ಹೇಗಂತಾರೋ ಹಾಗೇ ಅನ್ನಬಲ್ಲೆ." ಅವನ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ಅವನಿಗೆ ಅನ್ನಿಸಿತು; ಕಟ್ಟಿಹಾಕುತ್ತಿದ್ದಾಳೆ, ಹೇಳಲ್ಲ ಎಂದು ಹೇಳಿ ಹೀಗೆ ಮಾಡುತ್ತಿದ್ದಾಳೆ. ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿದರು. ಮತ್ತೆ ಈಚೆ ತಿರುಗಿದಾಗ ಆಕೆ ಇರಲಿಲ್ಲ. ಸಾಹೇಬರು ಮುಷ್ಟಿ ಎತ್ತಿದರು. ಜನರೇಟರು ನಿಂತಿತು, ಬಸ್ಸಿನ ಎಂಜಿನ್ನು ನಿಂತಿತು, ಬೀದಿಯ ಕಡೆಯ ಗೇಟನ್ನು ಯಾರೋ ಎಳೆದು ಮುಚ್ಚಿದರು. ಬೇರೆಯವರಿಗೆ ಇದು ನಿಶ್ಶಬ್ದ. ಅವನಿಗೆ ಇದೇ ಗದ್ದಲ; ಹೊರಗಿನದೆಲ್ಲ ನಿಂತ ಕೂಡಲೇ ಒಳಗಿನ ಗುಂಯ್ ಎನ್ನುವುದು ಯಾರೋ ಗುಂಡಿ ತಿರುಗಿಸಿದ ಹಾಗೆ ಏರುತ್ತಿತ್ತು.

ಗುಡ್ಡೆ ಹತ್ತಿದ. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ. "ಸೆಸಿಮಿ ದುಯಾನ್ ವಾರ್ ಮ?" ಮಲಗಿ ಬಲಗಿವಿಯನ್ನು ಚಪ್ಪಡಿಗೆ ಒತ್ತಿದ. ಚಪ್ಪಡಿ ಇನ್ನೂ ಬಿಸಿಲಿನ ಕಾವು ಹಿಡಿದಿತ್ತು. ಗುಂಯ್. ಮತ್ತೆ ಕೂಗಿದ. ಮತ್ತೆ ಗುಂಯ್. ಆಗ ಕಣ್ಣು ತಾನಾಗಿಯೇ, ಯಾರ ಅಪ್ಪಣೆಯೂ ಇಲ್ಲದೆ, ಕೆಳಗೆ ನಿಂತವರ ಮುಖಕ್ಕೆ ಹೋಯಿತು. ಡ್ರೈವರಿನ ತಲೆ ಒಂದಿಷ್ಟು ಎಡಕ್ಕೆ ವಾಲಿದೆ. ಕಟರ್ ಎಡಗಡೆಯ ಒಡಕು ಪೈಪಿನ ಬಾಯನ್ನೇ ನೋಡುತ್ತಿದ್ದಾನೆ, ಅವನ ಹುಬ್ಬು ಏರಿದೆ. ಇವನು ತಡಮಾಡುವುದು ತಮಾಷೆಗೆಂದು ಭಾವಿಸಿದನೋ ಏನೋ, ಗಲ್ಲದಿಂದ ಮೆಲ್ಲಗೆ ಆ ಕಡೆ ತೋರಿಸಿಯೂ ಬಿಟ್ಟ. ಕೈ ಎತ್ತಿ ಆ ಪೈಪು ತೋರಿಸಿದರೆ ಮುಗಿಯಿತು. ಚಪ್ಪಾಳೆ, ಬಸ್ಸು, ವಿಮಾನ. ಕೈ ಅರ್ಧ ಎದ್ದಿತು. ಅಲ್ಲೂ ಹೀಗೇ ಇರುತ್ತದೆ, ಎಂದುಕೊಂಡ. ಎಲ್ಲರೂ ನನ್ನ ಮುಖ ನೋಡುತ್ತಿರುತ್ತಾರೆ, ನಾನು ಅವರ ಮುಖ ನೋಡುತ್ತಿರುತ್ತೇನೆ, ಕೆಳಗಿರುವವರ ಮುಖ ಯಾರಿಗೂ ಕಾಣುವುದಿಲ್ಲ. ಎದ್ದು ಕೂತ.

"ನನಗೆ ಕೇಳಿಸ್ತಿಲ್ಲ ಸಾರ್."

"ಇನ್ನೊಂದ್ಸಲ ಕೂಗು."

"ಆಕೆ ಮಾತಾಡ್ತಿದಾಳೆ ಸಾರ್. ನಿಮಗೆಲ್ಲ ಕೇಳ್ತಿದೆ. ನನಗೆ ಮಾತ್ರ ಕೇಳಿಸ್ತಿಲ್ಲ."

ಸಾಹೇಬರ ಮುಷ್ಟಿ ಮೇಲೇ ಇತ್ತು. ಅದನ್ನು ಇಳಿಸುವುದು ಅವರಿಗೆ ಮರೆತುಹೋಗಿತ್ತು. ಹತ್ತಿರ ಬಂದು, "ಯಾವತ್ತಿಂದ?" ಎಂದರು. ಅವನು ಹೇಳಿದ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದ ಹಾಗೆ ಕಂಡಿತು. "ಗೋದಾಮು?"

"ಅವತ್ತೂ ಕೇಳಿಸಿರಲಿಲ್ಲ."

"ನೀನು ಇಲ್ಲ ಅಂದೆ. ನಾನು ಬುಲ್ಡೋಜರ್ ಬಿಟ್ಟೆ." ಹೊಡೆಯುತ್ತಾರೆ ಎನ್ನಿಸಿತು, ಹೊಡೆದಿದ್ದರೆ ವಾಸಿ ಎಂದೂ ಅನ್ನಿಸಿತು. ಅವರು ಮುಖ ಆಚೆ ತಿರುಗಿಸಿ ಏನೋ ಅಂದರು. ಅವನು ಅಲ್ಲೇ ನಿಂತಿದ್ದ. ಕಟರ್ ಬಲಗಿವಿಯ ಹತ್ತಿರ ಬಂದು, ಮುದುಕರಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ಹೆಲ್ಮೆಟ್. ಇಟ್ಟು. ಹೋಗು. ಅಂದ್ರು." ಅವನು ಪಟ್ಟಿ ಬಿಚ್ಚಿದ. ಹೆಲ್ಮೆಟ್ಟನ್ನು ಚಪ್ಪಡಿಯ ಮೇಲಿಟ್ಟ. ತಲೆಗೆ ಗಾಳಿ ತಾಗಿ ಬೆವರು ತಣ್ಣಗಾಯಿತು.

ಆಗ ಅವರ ಮುಖಗಳು ಬದಲಾದವು. ಒಬ್ಬೊಬ್ಬರೂ ಎಡಕ್ಕೆ ತಿರುಗುತ್ತಿದ್ದರು. "ಟೀಚರು ಅಳ್ತಿದಾರೆ" ಎಂದದ್ದು ಡ್ರೈವರಿನ ತುಟಿಯ ಮೇಲೆ ಕಂಡಿತು. ಅವಳು ಒಳಗಿದ್ದಾಳೆನ್ನುವುದೇ ಎಲ್ಲರಿಗೂ ಮರೆತಿತ್ತು. ಈಗ ನೆನಪಾದರೂ ಯಾರೂ ಕದಲಲಿಲ್ಲ. ಕುಸಿದ ಕಟ್ಟಡದೊಳಕ್ಕೆ ಹಿಂದುಮುಂದು ನೋಡದೆ ನುಗ್ಗುವ ಗಂಡಸರು ಅಳುವ ಹೆಂಗಸಿನ ಹತ್ತಿರ ಹೋಗಲು ಸಂಕೋಚಪಟ್ಟುಕೊಂಡು ನಿಂತಿದ್ದರು. ಅವನು ಬಗ್ಗಿ ಪೈಪಿನೊಳಗೆ ತೂರಿದ. ಮೊಣಕೈ ಊರಿ ತೆವಳುತ್ತ ಹೋದರೆ ಅಂಗೈಯಡಿ ಕಾಂಕ್ರೀಟು ಸಣ್ಣಗೆ, ಬಿಟ್ಟು ಬಿಟ್ಟು, ನಡುಗುತ್ತಿತ್ತು. ದನಿ ಅಷ್ಟು ಹತ್ತಿರವಿತ್ತು. ಪೈಪಿನ ಒಡಕಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ ಆಕೆ ಮಂಡಿ ಅಪ್ಪಿಕೊಂಡು ಕೂತಿದ್ದಳು, ಕೂದಲ ತುಂಬ ಧೂಳು. ಬಾಯಿ ಒಂದೇ ಸಮನೆ ಆಡುತ್ತಿತ್ತು. ಕಲಿಸಿದ ಮಾತುಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಉದ್ದುದ್ದ ವಾಕ್ಯಗಳು, ನಡುನಡುವೆ ಜಗಳದ ಹಾಗೆ ಏರಿ ಮತ್ತೆ ಓಲೈಸುವ ಹಾಗೆ ಇಳಿಯುವಂಥವು, ಮನೆಯವರ ಜೊತೆ ಮಾತ್ರ ಆಡುವಂಥವು. ಏನು ಮಾಡಬೇಕೆಂದು ತೋಚದೆ ಅವನು ತನಗೆ ಬಂದದ್ದನ್ನು ಹೇಳಿದ.

"ಬುರಾದಾಯಜ್."

ಆಕೆ ಬೆಚ್ಚಿ ನಿಲ್ಲಿಸಿದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಅವನಿಗೆ ಕಾಣಲೆಂದು ಮುಖವನ್ನು ಬೆಳಕಿಗೆ ತಂದು ಹೇಳಿದಳು. "ಅದು ನಾವಿಲ್ಲಿದ್ದೇವೆ ಅಂತ. ಒಬ್ಬರೇ ಬಂದ್ರೆ ಬುರಾದಾಯಮ್."

"ಬುರಾದಾಯಮ್" ಎಂದ ಅವನು.

ಬಸ್ಸು ಹೊರಡುವ ಮೊದಲು ಕಟರ್ ಕೆಳಗಿಳಿದು ಬಂದ. ಇನ್ನು ಮಲಗಿ ಕೇಳುವವನು ಅವನೇ ಎಂದು ಸಾಹೇಬರು ಹೇಳಿದ್ದರು. ಬೆಳಗಿನ ಕೀಟಲೆಯೆಲ್ಲ ಇಳಿದು ಹೋಗಿ ಅವನ ಮುಖ ಸಪ್ಪಗಿತ್ತು. "ಹೇಗೆ ಕೇಳೋದಣ್ಣಾ ಅದನ್ನ? ಬೇಗ ಹೇಳು."

"ಮೊದಲು ನಿನ್ನ ಗುಂಡಿಗೇನೇ ಕೇಳುತ್ತೆ. ಅದು ಇಳಿಯೋವರೆಗೂ ಕಾಯಬೇಕು. ಯಾರು ಎಷ್ಟು ಆತುರ ಮಾಡಿದ್ರೂ ಕಾಯಬೇಕು. ಯಾರ ಮುಖಾನೂ ನೋಡಬೇಡ. ಕಣ್ಣು ಮುಚ್ಕೋ."

"ಏನೂ ಕೇಳಿಸದೇ ಹೋದ್ರೆ?"

"ಕೇಳಿಸಲಿಲ್ಲ ಅನ್ನು. ಇಲ್ಲ ಅನ್ನಬೇಡ."

ಕಟರ್ ತಲೆಯಾಡಿಸಿ ಓಡಿದ. ಸಾಹೇಬರು ಮುಂದಿನ ಸೀಟಿನಲ್ಲಿ ಕೂತಿದ್ದರು, ಈ ಕಡೆ ತಿರುಗಲಿಲ್ಲ. ಬಸ್ಸು ಗೇಟು ದಾಟಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಅವನ ಬ್ಯಾಗು ಮಾತ್ರ ಅಂಗಳದ ನಡುವೆ, ಯಾರೋ ಇಳಿಸಿಹೋದ ಜಾಗದಲ್ಲಿ, ಒಂಟಿಯಾಗಿತ್ತು. ಎಷ್ಟು ಹೊತ್ತಿನಿಂದಲೋ ಟೀಚರು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದಳು. ಅದು ಅವನಿಗೆ ಗೊತ್ತಾದದ್ದು ಗಾಳಿಗೆ ಸೆರಗು ಬಂದು ಎಡಗೈಗೆ ತಾಗಿದಾಗ. ಬೀದಿಯನ್ನೇ ನೋಡುತ್ತ ಆಡುತ್ತಿದ್ದಳು, ತನಗೆ ತಾನೇ ಎಂಬಂತೆ. ಕೇಳುವವರು ಬೇಕೆಂದಿತ್ತೋ ಇಲ್ಲವೋ. ಅವನು ಆಕೆಯ ಹಿಂದಿನಿಂದ ಸುತ್ತಿಕೊಂಡು ಬಂದು ಇನ್ನೊಂದು ಪಕ್ಕದಲ್ಲಿ ನಿಂತು, ತಲೆಯನ್ನು ಬಗ್ಗಿಸಿ, ಬಲಗಿವಿಯ ಹಿಂದೆ ಅಂಗೈಯನ್ನು ಬಟ್ಟಲು ಮಾಡಿ ಹಿಡಿದ. ಸ್ಟೋರಿನವರು, ಗೇಟಿನವನು, ಎಲ್ಲರೂ ನೋಡುತ್ತಿದ್ದರು.

"ಈಗ ಹೇಳಿ" ಎಂದ. "ಮೊದಲಿನಿಂದ."